ನ್ವಾರ್ ಕಥೆಯ ಊರು ಬದಲಿಸುವುದು ಹೇಗೆ: ಒಂದೇ ಕೊಲೆ, ಹಲವು ದೇಶಗಳ ಸಿನಿಮಾ

1934ರಲ್ಲಿ ಅಮೆರಿಕದ ಜೇಮ್ಸ್ ಎಂ. ಕೇನ್ ‘ದಿ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್’ ಎಂಬ ಪುಟ್ಟ ನ್ವಾರ್ ಕಾದಂಬರಿ, ಅಂದರೆ ಆಸೆ, ಅಪರಾಧಗಳ ಕರಾಳ ಕಥೆ, ಬರೆದ. ಕ್ಯಾಲಿಫೋರ್ನಿಯಾದ ರಸ್ತೆ ಬದಿಯಲ್ಲಿ ಒಂದು ಹೋಟೆಲು, ಪಕ್ಕದಲ್ಲೇ ಪೆಟ್ರೋಲ್ ಬಂಕು. ಮಾಲೀಕ ನಿಕ್ ಪಪಾಡಾಕಿಸ್, ಗ್ರೀಸಿನಿಂದ ಬಂದು ನೆಲೆ ನಿಂತವನು. ಅವನ ಹೆಂಡತಿ ಕೋರಾ. ಹುಲ್ಲಿನ ಲಾರಿಯಲ್ಲಿ ಕದ್ದು ಮಲಗಿದ್ದು, ಮಟಮಟ ಮಧ್ಯಾಹ್ನ ಅದರಿಂದ ಹೊರದಬ್ಬಿಸಿಕೊಂಡು ಅಲ್ಲಿಗೆ ಬರುವ ಅಲೆಮಾರಿ ಫ್ರಾಂಕ್. ಅವನೂ ಕೋರಾಳೂ ಸೇರಿ ನಿಕ್‌ನನ್ನು ಮುಗಿಸುತ್ತಾರೆ, ಕೋರ್ಟಿನಿಂದ ಪಾರಾಗುತ್ತಾರೆ, ಆಮೇಲೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದೆ ಹಾಳಾಗುತ್ತಾರೆ.

ಈ ಕಥೆಯನ್ನು 1939ರಲ್ಲಿ ಫ್ರಾನ್ಸಿನಲ್ಲಿ ಪಿಯರ್ ಶೆನಾಲ್ ಸಿನಿಮಾ ಮಾಡಿದ. 1943ರಲ್ಲಿ ಇಟಲಿಯ ಲುಕಿನೊ ವಿಸ್ಕೊಂಟಿ ತನ್ನ ಮೊದಲ ಚಿತ್ರ ‘ಒಸ್ಸೆಸ್ಸಿಯೋನೆ’ಗೆ ಇದನ್ನೇ ಆರಿಸಿಕೊಂಡ. ಹಾಲಿವುಡ್‌ಗೆ ಧೈರ್ಯ ಬಂದದ್ದು ಇವರಿಬ್ಬರ ನಂತರ, 1946ರಲ್ಲಿ. 1981ರಲ್ಲಿ ಅದೇ ಹಾಲಿವುಡ್ ಮತ್ತೊಮ್ಮೆ ಮಾಡಿತು, 1998ರಲ್ಲಿ ಹಂಗೆರಿ, 2008ರಲ್ಲಿ ಜರ್ಮನಿಯ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ‘ಯೆರಿಖೋ’ ಎಂಬ ಹೆಸರಿನಲ್ಲಿ. ರೂಪಾಂತರ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗಲಾರದು. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಇಟಲಿಯದು, ಎರಡನೆಯದು ಜರ್ಮನಿಯದು. ಸ್ವಂತ ನೆಲದ 1946ರ ಚಿತ್ರ ನೋಡಲು ಚೆಂದ, ಆದರೆ ಒಳಗೆ ಟೊಳ್ಳು. ಕಾರಣ ಮುಂದೆ ಹೇಳುತ್ತೇನೆ, ಈ ಮಾರ್ಗದರ್ಶಿಯ ತಿರುಳೂ ಅದೇ.

ಮೊದಲು ಹಕ್ಕಿನ ವಿಚಾರ

ಬೇಸರದ ಕೆಲಸ, ಆದರೆ ಮೊದಲೇ ಮುಗಿಸಿಕೊಳ್ಳಿ. ವಿಸ್ಕೊಂಟಿ ಹಕ್ಕು ಕೊಳ್ಳದೆ ಚಿತ್ರ ಮಾಡಿದ. ಯುದ್ಧಕಾಲ, ಅಮೆರಿಕ ಶತ್ರುದೇಶ, ಕೇಳುವವರು ಯಾರು? ಆದರೆ ಎಂಜಿಎಂ ಸ್ಟುಡಿಯೊ 1934ರಲ್ಲೇ ಚಿತ್ರದ ಹಕ್ಕನ್ನು ಕೊಂಡಿಟ್ಟುಕೊಂಡಿತ್ತು. ಹಾಗಾಗಿ ಇಟಲಿಯ ಚಿತ್ರ ಅಮೆರಿಕದ ತೆರೆ ಕಂಡದ್ದು 1976ರಲ್ಲಿ, ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ. ವಿಸ್ಕೊಂಟಿ ಅದೇ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡಿದ್ದ.

ಅಮೆರಿಕದಲ್ಲಿ 1934ರ ಕೃತಿಗೆ 95 ವರ್ಷಗಳ ರಕ್ಷಣೆ, ಅಂದರೆ 2029ರ ಕೊನೆಯವರೆಗೆ. ನಮ್ಮ ಕಾಯ್ದೆಯ ಸಾಮಾನ್ಯ ನಿಯಮ ಲೇಖಕ ತೀರಿಕೊಂಡ ಮೇಲೆ 60 ವರ್ಷ. ವಿದೇಶಿ ಕೃತಿಯಾದರೆ ಮೂಲ ದೇಶದ ಅವಧಿಯನ್ನೂ ನೋಡಬೇಕಾಗುತ್ತದೆ. ಕಾದಂಬರಿಯ ಹಕ್ಕು ಬೇರೆ, ಅದರಿಂದ ಆದ ಸಿನಿಮಾದ ರೀಮೇಕ್ ಹಕ್ಕು ಬೇರೆ. ಒಂದು ಕೊಂಡರೆ ಇನ್ನೊಂದು ಬರುವುದಿಲ್ಲ. ‘ಸ್ಫೂರ್ತಿ ಪಡೆದು’ ಎಂದು ಟೈಟಲ್ ಕಾರ್ಡಿನಲ್ಲಿ ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಗಾಂಧಿನಗರದ ಹಳೇ ನಂಬಿಕೆಯನ್ನು ಒಬ್ಬ ವಕೀಲರ ಮುಂದೆ ಇಟ್ಟು ನೋಡಿ.

ಎರಡನೇ ಓದು ಲೆಕ್ಕಿಗನ ಓದು

ಕಾದಂಬರಿಯನ್ನು ಒಮ್ಮೆ ಓದುಗರಾಗಿ ಓದಿ ಮುಗಿಸಿ. ಎರಡನೇ ಸಲ ಪೆನ್ನು ಹಿಡಿದು ಕೂತು, ಒಂದೊಂದು ಪಾತ್ರಕ್ಕೂ ಮೂರು ಪ್ರಶ್ನೆ ಕೇಳಿ: ಇವರ ಕೈಯಲ್ಲಿ ಏನಿದೆ? ಯಾರಿಗೆ ಏನು ಬಾಕಿ? ಇಲ್ಲಿಂದ ಎದ್ದು ಹೋದರೆ ಏನು ಕಳೆದುಕೊಳ್ಳುತ್ತಾರೆ?

ನ್ವಾರ್ ಅಂದರೆ ಮಳೆ, ನೆರಳು, ಹ್ಯಾಟು, ಸಿಗರೇಟಿನ ಹೊಗೆ, ಕಿಟಕಿಯ ಪಟ್ಟಿಗಳಿಂದ ಬೀಳುವ ಬೆಳಕು ಎಂದುಕೊಂಡು ಹೊರಟವರು ಇಲ್ಲೇ ಎಡವುತ್ತಾರೆ. ಅವೆಲ್ಲ ಛಾಯಾಗ್ರಾಹಕರ ಕೆಲಸ, ನಾಳೆ ನೋಡಿಕೊಳ್ಳಬಹುದು. ಕೇನ್‌ನ ಪುಸ್ತಕ ಶುರುವಾಗುವುದೇ ಸುಡುಬಿಸಿಲಿನಲ್ಲಿ. ಅವನ ಕಥೆಗಳ ಹಿಂದೆ 1927ರ ಒಂದು ನಿಜ ಪ್ರಕರಣದ ನೆರಳಿದೆ. ನ್ಯೂಯಾರ್ಕಿನ ರೂತ್ ಸ್ನೈಡರ್ ಎಂಬಾಕೆ ಗಂಡನ ಹೆಸರಿನಲ್ಲಿ, ಆಕಸ್ಮಿಕ ಸಾವಾದರೆ ದುಪ್ಪಟ್ಟು ಕೊಡುವ ವಿಮೆ ಮಾಡಿಸಿ, ಒಳ ಉಡುಪಿನ ಸೇಲ್ಸ್‌ಮನ್ ಆಗಿದ್ದ ಪ್ರಿಯಕರನ ಜೊತೆ ಸೇರಿ ಅವನನ್ನು ಕೊಂದಳು. ಅಲ್ಲಿ ಮಾದಕ ಕತ್ತಲೆ ಏನೂ ಇರಲಿಲ್ಲ. ಇದ್ದದ್ದು ವಿಮೆಯ ಪಾಲಿಸಿ, ಕಂತಿನ ರಸೀದಿ, ಒಂದು ಸುಳ್ಳು ಸಹಿ.

ಆ ಮೂರು ಪ್ರಶ್ನೆಗಳಿಗೆ ಉತ್ತರ ಬರೆದರೆ ಬಲೆಯ ನಕ್ಷೆ ಸಿಗುತ್ತದೆ. ಬೇರೆ ದೇಶಕ್ಕೆ ಒಯ್ಯಬೇಕಾದದ್ದು ಇದೊಂದನ್ನೇ. ಆದರೆ ಬಲೆ ನೇಯ್ದ ದಾರ ಮಾತ್ರ ಆ ದೇಶದ್ದೇ ಆಗಬೇಕು: ಅಲ್ಲಿನ ಮದುವೆ, ಆಸ್ತಿ, ಸಾಲ, ಪೊಲೀಸು.

ಹೆಂಡತಿ ಯಾಕೆ ಬಿಟ್ಟು ಹೋಗಲಾರಳು?

ಇದಕ್ಕೆ ಉತ್ತರ ಸಿಗದೆ ಚಿತ್ರಕಥೆಯ ಮೊದಲ ಪುಟವನ್ನೂ ಬರೆಯಬೇಡಿ. ಪ್ರೇಕ್ಷಕ ಹತ್ತನೇ ನಿಮಿಷಕ್ಕೇ ಕೇಳುತ್ತಾನೆ: ‘ಅಯ್ಯೋ, ಓಡಿಹೋಗೋದಲ್ವಾ? ಕೊಲೆ ಯಾಕೆ?’

ಕೇನ್‌ನ ಕೋರಾ ಅಯೋವಾ ರಾಜ್ಯದ ಡೆ ಮೊಯಿನ್ ಊರಿನಲ್ಲಿ ಶಾಲಾ ಸೌಂದರ್ಯ ಸ್ಪರ್ಧೆ ಗೆದ್ದು ಹಾಲಿವುಡ್‌ಗೆ ಬಂದವಳು. ಸಿನಿಮಾ ಕೈಹಿಡಿಯಲಿಲ್ಲ, ಅಗ್ಗದ ಹೋಟೆಲಿನಲ್ಲಿ ತಟ್ಟೆ ಹೊರುವ ಕೆಲಸವಷ್ಟೇ ಸಿಕ್ಕಿತು. ನಿಕ್‌ನನ್ನು ಮದುವೆಯಾದದ್ದು ಅದರಿಂದ ಹೊರಬರಲು. ಒಮ್ಮೆ ಫ್ರಾಂಕ್ ಜೊತೆ ಹೊರಟೂ ಬಿಡುತ್ತಾಳೆ, ಅರ್ಧ ದಾರಿಯಿಂದ ತಿರುಗಿ ಬರುತ್ತಾಳೆ. ಗಂಡನನ್ನು ಬಿಡಲು ಅವಳಿಗೆ ಅಡ್ಡಿಯಿಲ್ಲ, ಹೋಟೆಲು ಬಿಡಲು ಆಗದು. ದುಡಿದರೆ ಮೇಲೆ ಬರಬಹುದೆಂದು ನಂಬಿದ ಅಮೆರಿಕದ ಹೆಂಗಸು ಅವಳು.

ಇಟಲಿಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಅಲ್ಲಿ ವಿಚ್ಛೇದನದ ಕಾನೂನೇ ಬಂದದ್ದು 1970ರ ಡಿಸೆಂಬರಿನಲ್ಲಿ. ವಿಸ್ಕೊಂಟಿ ಚಿತ್ರದ ಹೆಂಡತಿ, 1943ರ ಜೊವಾನ್ನಾಳಿಗೆ ಸತ್ತ ಗಂಡನಿಂದ ಮಾತ್ರ ಬಿಡುಗಡೆ. ವಿಸ್ಕೊಂಟಿ ಇದನ್ನು ಯಾರ ಬಾಯಲ್ಲೂ ಭಾಷಣವಾಗಿ ಹೇಳಿಸಲಿಲ್ಲ. ಅವನು ಮಾಡಿದ್ದು ಬೇರೆ. ಹೋಟೆಲಿನಲ್ಲಿ ಜನಜಂಗುಳಿಯ ದಿನ ಮುಗಿದಿದೆ. ಅಡುಗೆಮನೆ ತುಂಬ ಎಂಜಲು ತಟ್ಟೆ, ಖಾಲಿ ಬಾಟಲಿ. ಜೊವಾನ್ನಾ ಒಂದು ಬಟ್ಟಲಲ್ಲಿ ಸೂಪು ಬಡಿಸಿಕೊಂಡು, ಪತ್ರಿಕೆ ಹರಡಿಕೊಂಡು ಕೂರುತ್ತಾಳೆ. ನಾಲ್ಕು ಚಮಚ ಕುಡಿಯುವಷ್ಟರಲ್ಲಿ ಕೂತಲ್ಲೇ ತೂಕಡಿಸುತ್ತಾಳೆ. ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ. ಆದರೆ ಆ ಹೋಟೆಲಿಗಾಗಿ ಕೊಲೆ ಮಾಡಿದವಳಿಗೆ ಸಿಕ್ಕಿದ್ದು ಏನೆಂದು ಅಷ್ಟರಲ್ಲೇ ಗೊತ್ತಾಗುತ್ತದೆ. ಜೊವಾನ್ನಾಳಾಗಿ ನಟಿಸಿದ ಕ್ಲಾರಾ ಕಲಮಾಯಿ ಆ ಹೊತ್ತಿಗೆ ಇಟಲಿಯ ತಾರೆ. ಅವಳ ಮುಖದ ಮೆರುಗನ್ನೆಲ್ಲ ತೆಗೆದು ಆ ಕೊಳೆಯ ನಡುವೆ ಕೂರಿಸಿದ್ದೇ ಈ ರೂಪಾಂತರದ ದೊಡ್ಡ ನಿರ್ಧಾರ. 1946ರಲ್ಲಿ ಹಾಲಿವುಡ್ ಮಾಡಿದ್ದು ಇದರ ತದ್ವಿರುದ್ಧ: ಕೋರಾ ಆಗಿ ನಟಿಸಿದ ಲಾನಾ ಟರ್ನರ್‌ಗೆ ಚಿತ್ರದುದ್ದಕ್ಕೂ ಹೆಚ್ಚುಕಡಿಮೆ ಅಚ್ಚಬಿಳಿ ಉಡುಪು. ಹೆದ್ದಾರಿ ಬದಿಯ ಅಡುಗೆಮನೆಯಲ್ಲಿ ಆ ಬಿಳಿ ಒಂದು ಗಂಟೆ ಉಳಿದೀತೇ?

2008ರ ಜರ್ಮನಿಗೆ ಬಂದರೆ ವಿಚ್ಛೇದನ ಸುಲಭ. ಪೆಟ್ಸೋಲ್ಡ್ ಹೊಸ ಸರಪಳಿ ಹುಡುಕಬೇಕಾಯಿತು. ಅವನ ಚಿತ್ರದ ಹೆಂಡತಿ ಲೌರಾಳ ತಲೆಮೇಲೆ ದೊಡ್ಡ ಸಾಲವಿದೆ, ಅದನ್ನು ಗಂಡ ವಹಿಸಿಕೊಂಡಿದ್ದಾನೆ. ಬಿಟ್ಟು ಹೋದರೆ ಸಾಲ ಮತ್ತೆ ಅವಳ ತಲೆಗೇ ಬರುವಂತೆ ಮದುವೆಗೆ ಮೊದಲೇ ಕರಾರಾಗಿದೆ. ಕೋರಾಳನ್ನು ಕಟ್ಟಿಹಾಕಿದ್ದು ಆಸ್ತಿ, ಜೊವಾನ್ನಾಳನ್ನು ಕಾನೂನು, ಲೌರಾಳನ್ನು ಸಾಲಪತ್ರ.

ಗಂಡನಿಗೆ ಊರು ಯಾವುದು?

ಹೆಚ್ಚಿನವರು ಗಂಡನ ಪಾತ್ರವನ್ನು ಕೊಲೆಯಾಗಲೆಂದೇ ಬರೆಯುತ್ತಾರೆ. ರೂಪಾಂತರ ಗೆಲ್ಲುವುದೂ ಸೋಲುವುದೂ ಇವನ ಮೇಲೆಯೇ.

ನಿಕ್ ಗ್ರೀಕನಾಗಿರುವುದು ಕಾಕತಾಳೀಯವಲ್ಲ. ಕೋರಾಳ ಅಸಹ್ಯದಲ್ಲಿ ಜನಾಂಗದ ಗರ್ವ ಬೆರೆತಿದೆ. ತನ್ನ ಕಪ್ಪು ಕೂದಲು ನೋಡಿ ಯಾರಾದರೂ ತನ್ನನ್ನು ಮೆಕ್ಸಿಕೊದವಳೆಂದು ತಿಳಿದಾರೆಂಬುದೇ ಅವಳಿಗೆ ಉರಿ. ಹೊರಗಿನವನೊಬ್ಬ ದುಡಿದು ಮಾಲೀಕನಾಗಿದ್ದಾನೆ, ಇಲ್ಲೇ ಹುಟ್ಟಿದ ಇಬ್ಬರು ಅವನ ಕೈಕೆಳಗೆ ಉಣ್ಣುತ್ತಿದ್ದಾರೆ. ಕೊಲೆಯ ಬೇರು ಅಲ್ಲಿದೆ. 1946ರ ಚಿತ್ರದಲ್ಲಿ ನಿಕ್ ಪಪಾಡಾಕಿಸ್ ಹೋಗಿ ನಿಕ್ ಸ್ಮಿತ್ ಆದ. ಒಂದು ಅಡ್ಡಹೆಸರು ಬದಲಾದದ್ದಕ್ಕೆ ಕಥೆಯ ಅರ್ಧ ರಕ್ತ ಹರಿದುಹೋಯಿತು. ಟೊಳ್ಳು ಎಂದೆನಲ್ಲ, ಅದು ಇದೇ.

ವಿಸ್ಕೊಂಟಿ ವಿದೇಶಿ ಗಂಡನನ್ನು ಹುಡುಕಲು ಹೋಗಲಿಲ್ಲ. ಅವನ ಬ್ರಗಾನಾ ಪೋ ನದಿ ಬಯಲಿನ ಸ್ವಸಂತುಷ್ಟ ಚಿಕ್ಕ ಮಾಲೀಕ: ದಪ್ಪ ಹೊಟ್ಟೆ, ಜೋರು ಗಂಟಲು, ಊರಿನ ಪಾದ್ರಿಯ ಸ್ನೇಹ, ವೆರ್ದಿಯ ಒಪೆರಾ ಹಾಡುಗಳ ಹುಚ್ಚು. ಅಂಕೋನಾ ಪಟ್ಟಣದ ಗಾಯನ ಸ್ಪರ್ಧೆಯಲ್ಲಿ ‘ಲಾ ತ್ರಾವಿಯಾತಾ’ದ ಹಾಡು ಹೇಳಿ ಮೆರೆಯುವ ರಾತ್ರಿಯೇ ಅವನ ಕೊನೆಯ ರಾತ್ರಿ. ಫ್ಯಾಸಿಸ್ಟ್ ಇಟಲಿ ಮಾದರಿ ಪ್ರಜೆ ಎಂದು ಹೊಗಳಬಹುದಾದ ಮನುಷ್ಯ, ಹತ್ತಿರದಿಂದ ನೋಡಿದರೆ ಉಸಿರುಗಟ್ಟಿಸುವ ಗಂಡ. ಜನಾಂಗದ ಅಂತರ ಹೋದ ಜಾಗದಲ್ಲಿ ವರ್ಗದ ಅಂತರ ಬಂತು. ಬರೀ ತೆಗೆದುಹಾಕಿದ್ದರೆ ಅಲ್ಲೊಂದು ತೂತು ಉಳಿಯುತ್ತಿತ್ತು.

ಪೆಟ್ಸೋಲ್ಡ್ ಜನಾಂಗದ ಎಳೆಯನ್ನು ಮತ್ತೆ ತಂದ, ಆದರೆ ತಿರುವಿ ಹಾಕಿದ. ಅಲಿ ಎಂಬ ಟರ್ಕಿ ಮೂಲದ ಉದ್ಯಮಿ ಪೂರ್ವ ಜರ್ಮನಿಯ ಖಾಲಿಯಾಗುತ್ತಿರುವ ಊರುಗಳಲ್ಲಿ ತಿಂಡಿ ಅಂಗಡಿಗಳ ಸರಣಿ ನಡೆಸುತ್ತಾನೆ. ಕುಡಿಯುತ್ತಾನೆ, ಹೆಂಡತಿಯ ಮೇಲೆ ಕೈಮಾಡುತ್ತಾನೆ, ಆದರೂ ಚಿತ್ರ ಮುಗಿಯುವ ಹೊತ್ತಿಗೆ ನಮ್ಮ ಕರುಳು ಚುರ್ ಅನ್ನುವುದು ಅವನಿಗಾಗಿ. ತನ್ನನ್ನು ಬೇಡವೆನ್ನುವ ದೇಶದಲ್ಲಿ, ದುಡ್ಡಿಗೆ ತಂದ ಹೆಂಡತಿಯ ಜೊತೆ ಬಾಳುತ್ತಿದ್ದೇನೆಂಬುದು ಅವನಿಗೆ ಗೊತ್ತಿದೆ.

ನಿಮ್ಮ ಆವೃತ್ತಿಯ ಗಂಡನಿಗೆ ಒಂದು ಹವ್ಯಾಸ, ಒಂದು ಹೆಮ್ಮೆ, ಒಂದು ಅವಮಾನ ಕೊಡಿ. ಅವನು ಸತ್ತಾಗ ಯಾರಿಗೂ ಏನೂ ಅನ್ನಿಸದಿದ್ದರೆ ಆಮೇಲಿನ ಒಂದು ಗಂಟೆ ಸಿನಿಮಾ ವ್ಯರ್ಥ.

ಅಲೆಮಾರಿ ಎಲ್ಲಿಂದ ಬಂದ?

ಅವನನ್ನು ರಸ್ತೆಗೆ ತಳ್ಳಿದ್ದು ಆ ದೇಶದ ಆ ಕಾಲದ ಯಾವ ಸಂಕಟ ಎಂಬುದು ಸ್ಪಷ್ಟವಿರಲಿ. ಫ್ರಾಂಕ್‌ನ ಹಿಂದೆ ಮೂವತ್ತರ ದಶಕದ ಆರ್ಥಿಕ ಕುಸಿತವಿದೆ. ಜರ್ಮನಿಯ ಥಾಮಸ್ ಅಫ್ಘಾನಿಸ್ತಾನದಿಂದ ಅಗೌರವದಿಂದ ಹೊರಬಿದ್ದ ಸೈನಿಕ. ವಿಸ್ಕೊಂಟಿ ಇನ್ನೂ ಒಂದು ಹೆಜ್ಜೆ ಹೋಗಿ ಕಾದಂಬರಿಯಲ್ಲಿಲ್ಲದ ಪಾತ್ರವನ್ನೇ ಹುಟ್ಟಿಸಿದ. ‘ಸ್ಪೇನಿನವ’ ಎಂದು ಕರೆಸಿಕೊಳ್ಳುವ ಬೀದಿಯ ವ್ಯಾಪಾರಿಯೊಬ್ಬ ರೈಲಿನಲ್ಲಿ ಟಿಕೆಟಿಲ್ಲದೆ ಸಿಕ್ಕಿಬಿದ್ದ ಅಲೆಮಾರಿ ನಾಯಕ ಜೀನೊಗೆ ದುಡ್ಡು ಕೊಟ್ಟು ಕಾಪಾಡುತ್ತಾನೆ, ಹೆಣ್ಣು-ಹೋಟೆಲು ಬಿಟ್ಟು ತನ್ನ ಜೊತೆ ಅಲೆಯಲು ಕರೆಯುತ್ತಾನೆ. ಸ್ಪೇನಿನ ಅಂತರ್ಯುದ್ಧ ಮುಗಿದು ನಾಲ್ಕೇ ವರ್ಷವಾಗಿದ್ದ ಆ ದಿನಗಳಲ್ಲಿ ಆ ಅಡ್ಡಹೆಸರಿನ ರಾಜಕೀಯ ನೋಡುಗರಿಗೆ ತಟ್ಟದಿರದು. ಮೂಲದಲ್ಲಿ ಇಲ್ಲದ ಪಾತ್ರ ಸೇರಿಸುವುದು ದ್ರೋಹವೇನಲ್ಲ. ಸೇರಿಸಿದ ಪಾತ್ರ ನಾಯಕನ ಮುಂದೆ ಇನ್ನೊಂದು ದಾರಿ ತೆರೆದಿಡಬೇಕು, ಅಷ್ಟೇ.

ಕೊಲೆ ಆ ನೆಲದ್ದೇ ಆಗಿರಲಿ

ಕಾದಂಬರಿಯಲ್ಲಿ ಮೊದಲ ಪ್ರಯತ್ನ ಸ್ನಾನದ ತೊಟ್ಟಿಯಲ್ಲಿ. ಬೆಕ್ಕೊಂದು ಫ್ಯೂಸ್ ಪೆಟ್ಟಿಗೆಯ ಮೇಲೆ ಕಾಲಿಟ್ಟು ಸತ್ತು, ದೀಪವೆಲ್ಲ ಆರಿ, ಯೋಜನೆ ಕೆಡುತ್ತದೆ. ಎರಡನೆಯದು ಬೆಟ್ಟದ ರಸ್ತೆಯಲ್ಲಿ, ಕಾರಿನಲ್ಲಿ. ನಿಕ್‌ಗೆ ಹಾಡುವ ಚಟ. ಕಣಿವೆಯ ಮಾರ್ದನಿ ಕೇಳಲೆಂದು ಎತ್ತರದ ಸ್ವರ ತೆಗೆಯುತ್ತಾನೆ, ಫ್ರಾಂಕ್ ಬಾಟಲಿಯಿಂದ ತಲೆಗೆ ಬಾರಿಸುತ್ತಾನೆ. ಮನುಷ್ಯ ಸತ್ತ ಮೇಲೆ ಅವನ ದನಿ ಕಣಿವೆಯಿಂದ ವಾಪಸು ಬರುತ್ತದೆ. ಇಂಥದ್ದು ಸಿಕ್ಕಿದಾಗ ಹಾಗೇ ಎತ್ತಿಕೊಳ್ಳುವ ಆಸೆಯಾಗುವುದು ಸಹಜ. ಆದರೆ ಪೋ ಬಯಲು ಚಪ್ಪಟೆ, ಅಲ್ಲಿ ಎಲ್ಲಿಯ ಮಾರ್ದನಿ? ವಿಸ್ಕೊಂಟಿ ಹಾಡನ್ನು ಉಳಿಸಿಕೊಂಡು ಮಾರ್ದನಿಯನ್ನು ಬಿಟ್ಟ. ಕೊಲೆಯನ್ನೂ ತೋರಿಸಲಿಲ್ಲ. ಅಪಘಾತವಾದ ಮೇಲಿನ ವಿಚಾರಣೆಯಷ್ಟೇ ನಮಗೆ ಸಿಗುತ್ತದೆ.

ಅಪರಾಧದ ಯಂತ್ರವನ್ನು ಸ್ಥಳೀಯಗೊಳಿಸುವುದರಲ್ಲಿ ಇನ್ನೊಬ್ಬ ಗುರು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ. ಎಡ್ ಮೆಕ್‌ಬೇನ್‌ನ 1959ರ ಅಪಹರಣದ ಕಾದಂಬರಿಯೊಂದನ್ನು ಅವನು 1963ರಲ್ಲಿ ಯೊಕೊಹಾಮಾಗೆ ತಂದ, ‘ಹೈ ಅಂಡ್ ಲೋ’ ಎಂದು ಪ್ರಸಿದ್ಧವಾದ ಚಿತ್ರದಲ್ಲಿ. 3 ಕೋಟಿ ಯೆನ್ ಒತ್ತೆಹಣ ಕೈಮಾರುವುದು ಹೇಗೆ? ಓಡುತ್ತಿರುವ ಕೊದಾಮಾ ಎಕ್ಸ್‌ಪ್ರೆಸ್ ರೈಲಿನ ಶೌಚಾಲಯದ ಕಿಟಕಿಯಿಂದ. ಆ ರೈಲಿನ ಬೇರಾವ ಕಿಟಕಿಯೂ ತೆರೆಯುವುದಿಲ್ಲ, ಇದು ತೆರೆಯುವುದೂ 7 ಸೆಂಟಿಮೀಟರ್ ಮಾತ್ರ. ಹಾಗಾಗಿ ಚೀಲವೂ ಅಷ್ಟೇ ದಪ್ಪವಿರಬೇಕೆಂದು ಅಪಹರಣಕಾರ ಮೊದಲೇ ಹೇಳಿದ್ದಾನೆ. ಆ ದೇಶದ ರೈಲು ಗೊತ್ತಿಲ್ಲದವನಿಗೆ ಈ ದೃಶ್ಯ ಹೊಳೆಯುವುದೇ ಇಲ್ಲ. ನೀವೂ ಸ್ಥಳಕ್ಕೆ ಹೋಗಿ ಅಳತೆ ತೆಗೆದುಕೊಳ್ಳಿ.

ಧ್ವನಿ ಮತ್ತು ಸೆನ್ಸಾರ್

ಮೂಲದಲ್ಲಿ ಫ್ರಾಂಕ್ ತನ್ನ ಕಥೆಯನ್ನು ತಾನೇ ಹೇಳುತ್ತಾನೆ, ಮರಣದಂಡನೆಯ ಕೋಣೆಯಿಂದ. 1946ರ ಚಿತ್ರ ಆ ಹಿನ್ನೆಲೆ ನಿರೂಪಣೆಯನ್ನು ಉಳಿಸಿಕೊಂಡಿತು. ವಿಸ್ಕೊಂಟಿ, ಪೆಟ್ಸೋಲ್ಡ್ ಇಬ್ಬರೂ ಕಿತ್ತೊಗೆದರು. ನನ್ನ ಸಲಹೆಯೂ ಕಿತ್ತೊಗೆಯಿರಿ ಎಂದೇ. ಆ ಒರಟು ಚುಟುಕು ಇಂಗ್ಲಿಷನ್ನು ಕನ್ನಡದ ಹಿನ್ನೆಲೆ ದನಿಗೆ ಇಳಿಸಿದರೆ ಆಕಾಶವಾಣಿ ನಾಟಕದ ವಾಸನೆ ಹೊಡೆಯುತ್ತದೆ. ಆ ಒರಟುತನವನ್ನು ಸಂಭಾಷಣೆಯ ಮೌನಗಳಿಗೆ ಹಂಚಿಬಿಡಿ.

ಸೆನ್ಸಾರ್ ಎಲ್ಲ ದೇಶದಲ್ಲೂ ಇದೆ, ಎಲ್ಲಿ ಕಚ್ಚುತ್ತದೆ ಎಂಬುದು ಬೇರೆ ಬೇರೆ. ಅಮೆರಿಕದ ಸಿನಿಮಾ ನೀತಿಸಂಹಿತೆಯ ಭಯಕ್ಕೆ ಎಂಜಿಎಂ ಹಕ್ಕು ಕೊಂಡೂ ಹತ್ತು ವರ್ಷ ಮೀರಿ ಸುಮ್ಮನಿತ್ತು. ಇಟಲಿಯಲ್ಲಿ ವಿಸ್ಕೊಂಟಿ ಮೊದಲು ಕೇಳಿದ್ದು ಇಟಲಿಯದೇ ಲೇಖಕ ಜೊವಾನ್ನಿ ವೆರ್ಗಾನ ಕಥೆಯೊಂದಕ್ಕೆ ಅನುಮತಿ, ಸರ್ಕಾರ ಕೊಡಲಿಲ್ಲ. ಆಗ ಕೈಗೆತ್ತಿಕೊಂಡದ್ದು, ಗುರು, ಫ್ರೆಂಚ್ ನಿರ್ದೇಶಕ ಜ್ಯಾನ್ ರೆನ್ವಾರ್ ಕೊಟ್ಟಿದ್ದ ಕೇನ್ ಕಾದಂಬರಿಯ ಫ್ರೆಂಚ್ ಅನುವಾದದ ಟೈಪು ಪ್ರತಿಯನ್ನು. ಅಮೆರಿಕದ ಪತ್ತೇದಾರಿ ಕಥೆ ಎಂದರೆ ಅಧಿಕಾರಿಗಳಿಗೆ ನಿರುಪದ್ರವಿ ಸರಕು. ತೆರೆಯ ಮೇಲೆ ಅವರಿಗೆ ಕಂಡದ್ದು ತಮ್ಮದೇ ದೇಶದ ಬಡತನ, ವ್ಯಭಿಚಾರ, ಧೂಳು. ಚಿತ್ರದ ಮೂಲ ನೆಗೆಟಿವ್ ನಾಶವಾಯಿತು, ನಿರ್ದೇಶಕ ಬಚ್ಚಿಟ್ಟಿದ್ದ ಇನ್ನೊಂದು ಪ್ರತಿಯಿಂದ ಅದು ಇಂದಿಗೂ ಉಳಿದಿದೆ.

ಕಾನೂನಿನ ಪರೀಕ್ಷೆ, ಅಂದರೆ ದ್ವಿತೀಯಾರ್ಧ

ಅರ್ಧಕ್ಕರ್ಧ ರೂಪಾಂತರಗಳು ಕುಸಿಯುವುದು ಇಲ್ಲಿ. ಕಾದಂಬರಿಯ ನಡುಭಾಗ ಪೂರ್ತಿ ವಕೀಲ ಕಾಟ್ಸ್‌ನ ಆಟ. ಕೋರಾ ಸಿಟ್ಟಿನಲ್ಲಿ ತಪ್ಪೊಪ್ಪಿಗೆ ಬರೆಸುತ್ತಾಳೆ, ಬರೆದುಕೊಂಡವನು ಕಾಟ್ಸ್‌ನದೇ ಆಳು. ವಿಮಾ ಕಂಪನಿಗಳ ಹಿತಾಸಕ್ತಿಯನ್ನು ಒಂದಕ್ಕೊಂದು ತಾಗಿಸಿ ಕೊಲೆಯ ಆರೋಪವನ್ನೇ ಕರಗಿಸಿಬಿಡುತ್ತಾನೆ. ಅಮೆರಿಕದ ಕೋರ್ಟು, ಅಮೆರಿಕದ ವಿಮೆ ಇಲ್ಲದೆ ಇದು ನಡೆಯದು. ವಿಸ್ಕೊಂಟಿ ಇಡೀ ಭಾಗವನ್ನು ಬಿಟ್ಟುಬಿಟ್ಟ. ಬದಲಿಗೆ ಸದ್ದಿಲ್ಲದೆ ಹಿಂದೆ ಬೀಳುವ ಪೊಲೀಸರನ್ನು ಇಟ್ಟ, ಇಬ್ಬರ ನಡುವಿನ ಅನುಮಾನವನ್ನೇ ಬೆಳೆಸಿದ.

ಕನ್ನಡಕ್ಕೆ ತರುವವರು ಒಂದು ಮಧ್ಯಾಹ್ನ ಕೂತು ಪ್ರತಿ ತಿರುವನ್ನೂ ಇಲ್ಲಿನ ನಿಯಮಕ್ಕೆ ಹಚ್ಚಿ ನೋಡಬೇಕು. ಇಲ್ಲಿ ಜ್ಯೂರಿ ಇಲ್ಲ. ತಪ್ಪೊಪ್ಪಿ ಶಿಕ್ಷೆ ಇಳಿಸಿಕೊಳ್ಳುವ ಚೌಕಾಸಿ ಕೊಲೆ ಕೇಸಿಗೆ ಅನ್ವಯಿಸದು. ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಅದು ಇಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ, ಹಾಗಾಗಿ ಲಾಕಪ್ಪಿನಲ್ಲಿ ಬಾಯಿಬಿಡಿಸಿ ಕೇಸು ಮುಗಿಸುವ ದೃಶ್ಯ ಬರೆದರೆ ಯಾವ ವಕೀಲನೂ ನಕ್ಕಾನು. ಅನುಮಾನಾಸ್ಪದ ಸಾವಾದರೆ ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗುತ್ತದೆ, ಮಹಜರು, ಮರಣೋತ್ತರ ಪರೀಕ್ಷೆ ನಡೆಯುತ್ತದೆ. ಯುಡಿಆರ್ ಕೊಲೆ ಕೇಸಾಗಿ ಬದಲಾಗುವ ಗಳಿಗೆ ನಿಮ್ಮ ಚಿತ್ರಕ್ಕೆ ಸಿಕ್ಕ ತಯಾರಿ ತಿರುವು.

ವಿಮೆಯೂ ಬೇರೆ. ಜೀವವಿಮೆ ಪಾಲಿಸಿ ಮೂರು ವರ್ಷ ದಾಟಿದ ಮೇಲೆ ಅದರ ಸಿಂಧುತ್ವವನ್ನು ಕಂಪನಿ ಪ್ರಶ್ನಿಸುವಂತಿಲ್ಲ. ಅಂದರೆ ನಮ್ಮ ನಾಯಕಿಗೆ ಕಾಯುವ ತಾಳ್ಮೆ ಬೇಕು. ಮೂರು ವರ್ಷ ನಗುಮುಖದಲ್ಲಿ ಅನ್ನ ಬಡಿಸಿದ ಹೆಂಡತಿ ಕೋರಾಳಿಗಿಂತ ಭಯಂಕರ ಪಾತ್ರ. ಕಾರಿನ ಮಾಲೀಕನೇ ಓಡಿಸುತ್ತಾ ಸತ್ತರೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆ, ಆದರೆ ಲೈಸೆನ್ಸ್ ಸರಿಯಿರಬೇಕು. ಸ್ಟೀರಿಂಗ್ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಪೊಲೀಸರಿಗಿಂತ ಮೊದಲು ವಿಮೆಯ ಸರ್ವೇಯರ್ ಕೇಳಬಹುದು.

ಇನ್ನು ಆಸ್ತಿ. ಕೇನ್‌ನಲ್ಲಿ ಗಂಡ ಸತ್ತರೆ ಹೋಟೆಲು ಹೆಂಡತಿಗೆ, ಅಲ್ಲಿಗೆ ಮುಗಿಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡ ವಿಲ್ ಬರೆಯದೆ ಸತ್ತರೆ ಅವನ ಸ್ವಯಾರ್ಜಿತದಲ್ಲಿ ಹೆಂಡತಿಗೆ ಒಂದು ಪಾಲು, ಮಕ್ಕಳಿಗೆ ಒಂದೊಂದು, ಅವನ ತಾಯಿ ಬದುಕಿದ್ದರೆ ಆಕೆಗೂ ಒಂದು. ಕೊಲೆ ಮಾಡಿದವರಿಗೆ ಸತ್ತವನ ಆಸ್ತಿಯಲ್ಲಿ ಹಕ್ಕಿಲ್ಲ ಎಂದು ಅದೇ ಕಾಯ್ದೆಯ 25ನೇ ಕಲಮು ಹೇಳುತ್ತದೆ. ಮಕ್ಕಳಿಲ್ಲದ ದಂಪತಿ ಎಂದಿಟ್ಟುಕೊಳ್ಳಿ. ಹಿರಿಯೂರಿನ ಆಚೆ ಹೆದ್ದಾರಿ ಬದಿಯ ಡಾಬಾ, ಅಪಘಾತದ ಹದಿಮೂರು ದಿನ ಕಳೆದಿದೆ. ಖಾತೆ ಬದಲಾಯಿಸಲು ವಂಶವೃಕ್ಷ ಬೇಕು. ಅದರಲ್ಲಿ ಅತ್ತೆಯ ಹೆಸರು ಬರಲೇಬೇಕು. ಅರ್ಧ ಡಾಬಾ ಈಗ ಮುದುಕಿಯದು, ಸೊಸೆಗೆ ಶಿಕ್ಷೆಯಾದರೆ ಪೂರ್ತಿ ಮುದುಕಿಯದು. ಇಟಲಿಯ ಪೊಲೀಸರು ಮಾಡಿದ ಕೆಲಸವನ್ನು, ಅಮೆರಿಕದ ವಕೀಲ ಮಾಡಿದ ಕೆಲಸವನ್ನು ಆಕೆಯೊಬ್ಬಳೇ ಮಾಡಬಲ್ಲಳು. ಇಂಟರ್‌ವಲ್ ಆದ ಕೂಡಲೇ ಆಕೆ ಚೀಲ ಹಿಡಿದು ಬಸ್ಸಿಳಿಯಲಿ, ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕೂತು ಕಳೆದ ತಿಂಗಳ ಲೆಕ್ಕದ ಪುಸ್ತಕ ಕೇಳಲಿ.